ಗುಪ್ತಪದದ ಪರೀಕ್ಷೆ

ಸುವ್ಯವಸ್ಥಿತವಾದ ಗಣಕಯಂತ್ರವು ನಮ್ಮ ಗುಪ್ತಪದವನ್ನು, ಅಂದರೆ ಪಾಸ್‌ವರ್ಡನ್ನು, ಇದ್ದಂತೆಯೇ ಬರೆದಿಡುವುದಿಲ್ಲ. ಮರಳಿ ಬಿಡಿಸಲಾಗದ ಸಂಕೇತವನ್ನಾಗಿ ಮಾರ್ಪಡಿಸಿ ಇಡುತ್ತದೆ. ಆದರೆ ಕಳ್ಳನಿಗೆ ಅದನ್ನು ಬಿಡಿಸುವ ಅಗತ್ಯವೇ ಇಲ್ಲ. ನಿಘಂಟಿನ ಒಂದೊಂದು ಪದವನ್ನೂ ಅದೇ ರೀತಿಯಲ್ಲಿ ಮಾರ್ಪಡಿಸಿ ಹೋಲಿಸಿ ನೋಡಿದರೆ ಸಾಕು. ಅಮೆರಿಕದ ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಪ್ರಕಟಿಸಿದ ಲೇಖನದಂತೆ, ಅವರು ಪರಿಶೀಲಿಸಿದ 3,289 ಗುಪ್ತಪದಗಳಲ್ಲಿ 2,831 ಸುಲಭವಾಗಿ ಸಿಕ್ಕಿಬಿದ್ದವು. ಬಹುಪಾಲು ಆರಕ್ಷರವನ್ನು ಮೀರದವು. ಉಳಿದವು ನಿಘಂಟಿನಲ್ಲೋ ಹೆಸರುಗಳ ಪಟ್ಟಿಯಲ್ಲೋ ಇದ್ದವು. ವಿಧಿಯ ಅಣಕವೆಂದರೆ, 1988ರಲ್ಲಿ ಅದೇ ಮಾರಿಸರ ಮಗನು ಗಣಕಜಾಲದಲ್ಲಿ ಹರಿಯಬಿಟ್ಟ ‘ಹುಳು’ವಿನ ಉಪಾಯಗಳಲ್ಲಿ 432 ಪದಗಳ ಒಂದು ಪಟ್ಟಿಯೂ ಇದ್ದಿತು!

ಇಷ್ಟಾದರೂ ದೋಷವನ್ನೆಲ್ಲ ಬಳಕೆದಾರನ ತಲೆಗೆ ಕಟ್ಟುವುದು ನ್ಯಾಯವಲ್ಲ. ನೆನಪಿನಲ್ಲಿ ಉಳಿಯುವ ಮಾತನ್ನು ಆರಿಸುವುದು ಮನುಷ್ಯಸಹಜ. ಗುಪ್ತಪದವನ್ನು ಅಂಗೀಕರಿಸುವ ಮುನ್ನ, ಕಳ್ಳನು ಹಿಡಿಯುವ ಪಟ್ಟಿಯನ್ನೇ ಹಿಡಿದು ಪರೀಕ್ಷಿಸುವ ಹೊಣೆ ವ್ಯವಸ್ಥೆಯನ್ನು ನಡೆಸುವವರದು. ಇದು ಪರರ ಗುಟ್ಟಿನಲ್ಲಿ ಇಣುಕಿದಂತಲ್ಲವೇ ಎಂದು ಕೆಲವರು ಕೇಳಬಹುದು. ಹೋಲಿಸಿ ನೋಡುವುದು ಯಂತ್ರ. ಮನುಷ್ಯರಾರೂ ಅದನ್ನು ಓದಬೇಕಾಗಿಲ್ಲ. ಪದದ ಕೊನೆಗೆ ಒಂದು ಅಂಕಿಯನ್ನು ಸೇರಿಸಿದರೆ ಸಾಕೆಂಬ ನಿಯಮವನ್ನಂತೂ ನಾನು ಒಪ್ಪಲಾರೆ. ಆ ಅಂಕಿಯನ್ನು ಸೇರಿಸಿ ನೋಡುವ ಬುದ್ಧಿ ಕಳ್ಳನಿಗೂ ಉಂಟು.