ಬಿಡುವುದು ಬೇರೆ, ಕೈಬಿಡುವುದು ಬೇರೆ

ಬೆಳಿಗ್ಗೆ ಕೊಟ್ಟಿಗೆಯಿಂದ ಹೊರಟ ದನ ಗದ್ದೆಯಂಚು, ರಸ್ತೆ, ಕಾಡು ಮೂರನ್ನೂ ದಾಟಿ ಸಂಜೆ ತಾನಾಗಿಯೇ ಮನೆಗೆ ಮರಳುವುದು ಮಲೆನಾಡಿನಲ್ಲಿ ಹೊಸತಲ್ಲ. ಮಲೆನಾಡು ಗಿಡ್ಡ ತಳಿ ಉಳಿದು ಬಂದದ್ದೇ ಈ ಕ್ರಮದಲ್ಲಿ. ಊರಿನವರಿಗೆ ಅದು ಮೇಯಲು ಹೋದ ದನ. ಕಾನೂನಿನ ದೃಷ್ಟಿಯಲ್ಲಿ ಮಾತ್ರ ಅದೇ ದನಕ್ಕೆ ಸ್ಥಳಕ್ಕೊಂದು ಅರ್ಥ.

ಈ ಅರ್ಥಗಳಿಗೆ ಬುನಾದಿ ಹಾಕಿದ್ದು 1871ರ ಜಾನುವಾರು ಅತಿಕ್ರಮ ಪ್ರವೇಶ ಕಾಯಿದೆ. ಕರ್ನಾಟಕ 1966ರಲ್ಲಿ ತನ್ನದೇ ಕಾಯಿದೆ ಮಾಡಿಕೊಂಡಿತು. ಹಳೆಯ ಕಾಯಿದೆಯ ಪ್ರಕಾರ, ಹೊಲಗದ್ದೆಗೆ ದನ ನುಗ್ಗಿದರಷ್ಟೇ ಸಾಲದು, ನೆಲಕ್ಕೋ ಬೆಳೆಗೋ ಹಾನಿಯೂ ಆಗಿರಬೇಕು. ಆಗ ಸಾಗುವಳಿದಾರನು ಅದನ್ನು ಹಿಡಿದು 24 ಗಂಟೆಯೊಳಗೆ ದೊಡ್ಡಿಗೆ ಕಳಿಸಬಹುದು. ಸಾರ್ವಜನಿಕ ರಸ್ತೆಯಲ್ಲಿ ಹಾನಿಯೇ ಬೇಕಿಲ್ಲ, ಅಲೆಯುತ್ತಿದ್ದರೆ ಸಾಕು. 1927ರ ಭಾರತೀಯ ಅರಣ್ಯ ಕಾಯಿದೆಯ 70ನೆಯ ಕಲಂ ಇನ್ನೂ ಮುಂದೆ ಹೋಗುತ್ತದೆ. ಮೀಸಲು ಅರಣ್ಯಕ್ಕೆ ದನ ಅತಿಕ್ರಮವಾಗಿ ನುಗ್ಗಿದರೆ ಅದನ್ನೇ ಹಾನಿಯೆಂದು ಭಾವಿಸಬೇಕೆನ್ನುತ್ತದೆ.

1960ರ ಪ್ರಾಣಿಹಿಂಸೆ ತಡೆ ಕಾಯಿದೆ ಇದೇ ಸಂಗತಿಯನ್ನು ದನದ ಕಡೆಯಿಂದ ನೋಡುತ್ತದೆ. ಸಕಾರಣವಿಲ್ಲದೆ ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು ಅಪರಾಧ. ಸಾಂಕ್ರಾಮಿಕ ರೋಗ ತಗುಲಿದ ಪ್ರಾಣಿಯನ್ನು ಬೇಕೆಂದೇ ಬೀದಿಗೆ ಬಿಡುವುದೂ ಅಪರಾಧ. ಮೇಯಲು ಬಿಡುವುದು ಬೇರೆ, ಕೈಬಿಡುವುದು ಬೇರೆ. ಕರೆಯುವುದು ನಿಂತ ಗೊಡ್ಡು ದನವನ್ನು ದೂರದ ರಸ್ತೆಗೆ ಅಟ್ಟಿ ಬರುವವರು ಮಲೆನಾಡಿನ ರೂಢಿಯ ಮರೆಯಲ್ಲಿ ಅಡಗಲಾರರು.

ಈ ಕಾನೂನುಗಳೆಲ್ಲ ಒಟ್ಟಿನಲ್ಲಿ ಕೇಳುವುದು ಒಂದೇ: ದನ ಯಾರ ಹಿಡಿತದಲ್ಲಿತ್ತು? ಪ್ರಶ್ನೆ ನ್ಯಾಯವಾದದ್ದೇ. ವರ್ಷದ ದುಡಿಮೆ ಒಂದು ರಾತ್ರಿಯಲ್ಲಿ ಮೇವಾದ ಗದ್ದೆಯವನಿಗೆ ಯಾರಾದರೂ ಉತ್ತರ ಹೇಳಲೇಬೇಕು. ಆದರೆ ಹಿಡಿತಕ್ಕೂ ನೆಲ ಬೇಕು. 1964ರ ಭೂಕಂದಾಯ ಕಾಯಿದೆ ಊರ ದನಗಳ ಮೇವಿಗೆ ಸರ್ಕಾರಿ ಜಮೀನು ಕಾದಿರಿಸಲು ಅವಕಾಶವಿತ್ತಿದೆ. 1966ರ ನಿಯಮಗಳು 100 ದನಗಳಿಗೆ 12 ಹೆಕ್ಟೇರ್ ಎಂಬ ಲೆಕ್ಕವನ್ನೂ ಕೊಟ್ಟಿವೆ. ಆ ನೆಲ ಒತ್ತುವರಿಗೆ, ಮಂಜೂರಾತಿಗೆ, ಅಕೇಶಿಯಾ ನೆಡುತೋಪಿಗೆ ಕರಗುತ್ತ ಬಂದಿದೆ. 1987ರಲ್ಲಿ ಕುಸನೂರಿನ ಜನರು ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹದಲ್ಲಿ ನೀಲಗಿರಿ ಸಸಿಗಳನ್ನು ಕಿತ್ತದ್ದು ಊರಿಗೆ ಮೇವು ಸೌದೆ ಕೊಡುತ್ತಿದ್ದ ಇಂಥ ನೆಲಕ್ಕಾಗಿಯೇ.

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಹೆದ್ದಾರಿಗಳಲ್ಲಿನ ದನಗಳನ್ನು ಹಿಡಿದು ಆಶ್ರಯತಾಣಗಳಿಗೆ ಸಾಗಿಸಲು ಆದೇಶಿಸಿತು. ಕತ್ತಲ ರಸ್ತೆಯಲ್ಲಿ ಮನುಷ್ಯರ ಜೀವವೂ ಹೋಗುವುದರಿಂದ ಈ ಕ್ರಮ ಅಗತ್ಯ. ಆದರೆ ಗೋಮಾಳವಿಲ್ಲದ ಊರಿನಿಂದ ನಾಳೆ ಮತ್ತೊಂದು ದನ ರಸ್ತೆಗೆ ಬರುತ್ತದೆ.

ಆದ್ದರಿಂದ ಗ್ರಾಮಸಭೆಗಳ ಮುಂದೆ ಮೂರು ಕೆಲಸಗಳಿವೆ. ಊರ ದನಗಳ ಎಣಿಕೆಯನ್ನು ಗೋಮಾಳದ ಅಳತೆಯೊಡನೆ ಹೋಲಿಸಿ, ಕಡಮೆಯಿದ್ದಲ್ಲಿ ತಹಶೀಲ್ದಾರರಿಗೆ ಲಿಖಿತವಾಗಿ ಕೇಳಬೇಕು. ಮನೆಮನೆಯ ಪಾಲಿನಿಂದ ದನ ಕಾಯುವವನಿಗೆ ಕೂಲಿ ಗೊತ್ತುಮಾಡಬೇಕು. ದೊಡ್ಡಿಯಲ್ಲಿ ನೀರು, ಹುಲ್ಲು ಇವೆಯೇ ಎಂದು ನೋಡಬೇಕು. ದನದ ಯಜಮಾನನಿಗೆ ದಂಡ ಹಾಕುವ ವ್ಯವಸ್ಥೆ, ಆ ದನದ ಹುಲ್ಲುಗಾವಲು ಎಲ್ಲಿ ಹೋಯಿತೆಂಬುದಕ್ಕೂ ಉತ್ತರ ಕೊಡಬೇಕಾಗಿದೆ.