ಅರ್ಜಿದಾರರಿಗೆ 40 ದಿನ, ಸರ್ಕಾರಕ್ಕೆ ಗಡುವೇ ಇಲ್ಲ: ಪುಣೆಯ ಕಟ್ಟಡ ಮೇಲ್ಮನವಿಗಳ ಕಥೆ

ಪುಣೆ: ಸುರಂಗ ಮೆಟ್ರೊ 2024ರ ಸೆಪ್ಟೆಂಬರ್‌ನಲ್ಲಿ ಸ್ವಾರಗೇಟ್ ತಲುಪಿತು. ಆದರೆ ನಿಲ್ದಾಣದ ಆಸುಪಾಸಿನಲ್ಲಿ ಹಳೇ ಮನೆ ಕೆಡವಿ ಹೊಸದು ಕಟ್ಟಲು ಹೊರಟವರ ಅರ್ಜಿ ತಿರಸ್ಕೃತವಾದರೆ, ಮುಂದಿನ ದಾರಿ ಅಷ್ಟು ಸಲೀಸಲ್ಲ.

ಮಹಾರಾಷ್ಟ್ರದ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆ ಪಾಲಿಕೆಗೆ ಗಡುವು ಹಾಕಿದೆ. 60 ದಿನಗಳಲ್ಲಿ ಉತ್ತರ ಬಾರದಿದ್ದರೆ, ನಿಯಮಬದ್ಧ ಅರ್ಜಿಗೆ ಪರವಾನಗಿ ಸಿಕ್ಕಂತೆಯೇ. ಅರ್ಜಿದಾರರಿಗೂ ಗಡುವಿದೆ: ಸೆಕ್ಷನ್ 47ರಡಿ ರಾಜ್ಯ ಸರ್ಕಾರಕ್ಕೆ ಮೇಲ್ಮನವಿ ಸಲ್ಲಿಸಲು 40 ದಿನ.

ಲೆಕ್ಕ ತಪ್ಪುವುದು ಅಲ್ಲಿಂದಾಚೆ. ಎರಡೂ ಕಡೆಯವರ ಅಹವಾಲು ಕೇಳಿ ಆದೇಶ ನೀಡಬೇಕು ಎನ್ನುವ ಇದೇ ಸೆಕ್ಷನ್, ಎಷ್ಟು ದಿನದಲ್ಲಿ ಎಂಬುದನ್ನು ಹೇಳುವುದಿಲ್ಲ. ತಡವಾದರೆ ಪರವಾನಗಿ ಸಿಕ್ಕಂತೆ ಎಂಬ ಅನುಕೂಲವೂ ಇಲ್ಲಿಲ್ಲ. ಬೇಗ ತೀರ್ಮಾನಿಸುವಂತೆ ನಿರ್ದೇಶನ ಕೋರಿ ಬಾಂಬೆ ಹೈಕೋರ್ಟ್‌ಗೆ ರಿಟ್ ಹಾಕಬಹುದು, ನಿಜ. ಆದರೆ ಅದಕ್ಕೆ ವಕೀಲರ ಶುಲ್ಕ ಬೇರೆ. ಶಿಥಿಲ ಕಟ್ಟಡದಲ್ಲಿರುವ ಬಾಡಿಗೆದಾರರಿಗಂತೂ ಪ್ರತಿ ಮುಂದೂಡಿಕೆಯೆಂದರೆ ಅದೇ ಸೂರಿನಡಿ ಇನ್ನೊಂದು ಮಳೆಗಾಲದ ಭಯ.

ಅವಸರದ ಆದೇಶವೂ ಅಪಾಯವೇ. ರಸ್ತೆ ಅಗಲ, ಅಕ್ಕಪಕ್ಕದವರ ಗಾಳಿ-ಬೆಳಕು ಎಲ್ಲವನ್ನೂ ನೋಡಬೇಕಾಗುತ್ತದೆ. ಇಂಗ್ಲೆಂಡ್‌ನಲ್ಲೂ ಇಂಥ ಮೇಲ್ಮನವಿಗಳು ತಡವಾಗುತ್ತವೆ. ಆದರೆ ಸಾಮಾನ್ಯವಾಗಿ ಎಷ್ಟು ವಾರ ಹಿಡಿಯುತ್ತದೆ ಎಂಬುದನ್ನು ಅಲ್ಲಿನ ಪ್ಲ್ಯಾನಿಂಗ್ ಇನ್‌ಸ್ಪೆಕ್ಟೊರೇಟ್ ಪ್ರಕಟಿಸುತ್ತದೆ. ಕಾಯ್ದೆಗೆ ತಿದ್ದುಪಡಿ ಆಗುವವರೆಗೆ ಮಹಾರಾಷ್ಟ್ರ ಸರ್ಕಾರ ಅಷ್ಟನ್ನಾದರೂ ಮಾಡಬಹುದು.