ಟಿಪ್ಸ್ ಬೇಡ ಅಂದ ಬಾತ್‌ನ ಅಜ್ಜಿ!

ಗೆಳೆಯರೇ, ಹೋದ ವಾರ ಈ ಪುಟ ಕಾಣಲಿಲ್ಲ ಅಂತ ನನ್ನನ್ನು ಬೈದುಕೊಂಡವರಿಗೆಲ್ಲ ಮೊದಲು ಕೈಮುಗಿದುಬಿಡ್ತೀನಿ. ನಾನು ಊರಲ್ಲಿರಲಿಲ್ಲ. ಊರೇನು, ದೇಶದಲ್ಲೇ ಇರಲಿಲ್ಲ! ಎರಡು ಹಾಡಿನ ಶೂಟಿಂಗಿಗೆ ಇಂಗ್ಲೆಂಡಿಗೆ ಹೊರಟ ನಿರ್ಮಾಪಕರೊಬ್ಬರು, ‘ಪ್ರಚಾರಕ್ಕೆ ನಾಲ್ಕು ಸಾಲು ಬರೆಯೋನು ಒಬ್ಬ ಜೊತೆಗಿರಲಿ’ ಅಂತ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಪಿಯುಸಿಗೆ ಅರ್ಧದಲ್ಲೇ ದೊಡ್ಡ ನಮಸ್ಕಾರ ಹಾಕಿದ ಹೊಸಪೇಟೆ ಹುಡುಗನಿಗೆ ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು! ಹಾಡಿನ ಸಮಾಚಾರ, ನಾಯಕಿಯ ಛತ್ರಿ ಹಾರಿಹೋದ ಪ್ರಸಂಗ ಎಲ್ಲವನ್ನೂ ಮುಂದಿನ ವಾರ ಬರೀತೀನಿ. ಈ ವಾರ ಹೇಳಬೇಕಾದದ್ದೇ ಬೇರೆ.

ನಾವು ಉಳಿದುಕೊಂಡಿದ್ದು ಬ್ರಿಸ್ಟಲ್‌ನಲ್ಲಿ. ಒಂದು ದಿನ ಬೆಳಗಿನಿಂದಲೇ ಮಳೆ, ಶೂಟಿಂಗ್ ರದ್ದು. ಯೂನಿಟ್ಟಿನಲ್ಲಿ ಮಂಡ್ಯ ಕಡೆಯ ಕ್ಯಾಮೆರಾ ಅಸಿಸ್ಟೆಂಟ್ ಹುಡುಗ ಒಬ್ಬನಿದ್ದ. ‘ಅಣ್ಣಾ, ಇಲ್ಲೇ ಪಕ್ಕದಲ್ಲಿ ಬಾತ್ ಅಂತ ಊರೈತಂತೆ. ಬಿಸಿನೀರಿನ ಬುಗ್ಗೆ ಐತಂತೆ. ಹೋಗ್ಬರವಾ?’ ಅಂದ. ‘ಖಾರಾಬಾತೋ, ಕೇಸರಿಬಾತೋ?’ ಅಂದೆ. ಇಬ್ಬರೂ ನಗುತ್ತಾ ರೈಲು ಹತ್ತಿದೆವು. ಸುಮಾರು ಕಾಲು ಗಂಟೆ ಪ್ರಯಾಣ, ಅಷ್ಟೇ.

ಊರ ನಡುವೆ ಪಂಪ್ ರೂಮ್ ಅಂತ ಹಳೆಯ ಕಟ್ಟಡ. ಅದರ ಮುಂದಿನ ಅಂಗಳದಲ್ಲಿ ಬ್ಯಾಡ್ಜು ಹಾಕಿಕೊಂಡ ಅಜ್ಜಿಯೊಬ್ಬರು ನಿಂತಿದ್ದರು. ಸುತ್ತ ಇಪ್ಪತ್ತು ಜನ. ನಗರದ ಮೇಯರ್ ಹೆಸರಿನಲ್ಲಿ ನಡೆಯುವ ಕಾಲ್ನಡಿಗೆ ಪ್ರವಾಸ, ಸುಮಾರು ಎರಡು ಗಂಟೆ, ಪೂರ್ತಿ ಉಚಿತ! 1930ರ ದಶಕದಿಂದ ಬಂದ ಪದ್ಧತಿ. ಮಾರ್ಗದರ್ಶಕರೆಲ್ಲ ಅದೇ ಊರಿನ ಜನ. ತರಬೇತಿ ಪಡೆದು, ಸಂಬಳವಿಲ್ಲದೆ, ಊರಿನ ಮೇಲಿನ ಅಭಿಮಾನಕ್ಕೆ ಬರ್ತಾರೆ. ‘ಪುಕ್ಕಟೆ ಅಂದ್ರೆ ಕೊನೇಲಿ ಏನೋ ಕೊಕ್ಕೆ ಇರ್ತದೆ ಕಣಣ್ಣ’ ಅಂದ ನಮ್ಮ ಹುಡುಗ. ನನಗೂ ಅದೇ ಅನುಮಾನ. ಯಾಕೆ ಅಂದ್ರೆ ನಾನೂ ಆ ಕಸುಬು ಮಾಡಿದವನು!

ಹೌದು ಸ್ವಾಮಿ, ಇದನ್ನು ಇಲ್ಲಿಯತನಕ ಎಲ್ಲೂ ಬರೆದಿಲ್ಲ. ಕಾಲೇಜು ಬಿಟ್ಟ ಹೊಸದರಲ್ಲಿ ಒಂದು ವರ್ಷ ಹಂಪೆಯಲ್ಲಿ ಗೈಡ್ ಆಗಿದ್ದೆ. ಲೈಸೆನ್ಸು ಇಲ್ಲ, ಓದಿಲ್ಲ, ಬಾಯಿ ಒಂದೇ ಬಂಡವಾಳ. ಆ ಕಥೆಗೆ ಆಮೇಲೆ ಬರ್ತೀನಿ.

ಅಜ್ಜಿ ಶುರು ಮಾಡಿದರು. ಹಿಂದೆ ಬ್ಲಾಡಡ್ ಅಂತ ಒಬ್ಬ ರಾಜಕುಮಾರನಿದ್ದನಂತೆ. ಕುಷ್ಠ ಹಿಡಿದು ಹಂದಿ ಕಾಯುತ್ತಿದ್ದನಂತೆ. ಹಂದಿಗಳು ಈ ಬಿಸಿ ಕೆಸರಲ್ಲಿ ಹೊರಳಿ ವಾಸಿಯಾದದ್ದು ನೋಡಿ ತಾನೂ ಇಳಿದು ವಾಸಿಯಾದನಂತೆ. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು. ಆಗ ಅಜ್ಜಿ ಬೆರಳೆತ್ತಿ, ‘ಇದು ಕಥೆ. ಈಗ ಹೇಳೋದು ಇತಿಹಾಸ’ ಅಂದರು!

ಆ ಮಾತು ನನಗೆ ಎದೆಗೇ ನಾಟಿತು.

ಇತಿಹಾಸ ಏನು ಅಂದ್ರೆ, ಸುಮಾರು ಎರಡು ಸಾವಿರ ವರ್ಷದ ಹಿಂದೆ ಬಂದ ರೋಮನ್ನರು ಈ ಬುಗ್ಗೆಯ ಪಕ್ಕ ದೇವಸ್ಥಾನ, ಸ್ನಾನದ ಕೊಳ ಎರಡನ್ನೂ ಕಟ್ಟಿದರು. ಇಲ್ಲಿಯವರ ದೇವತೆ ಸುಲಿಸ್, ತಮ್ಮ ದೇವತೆ ಮಿನರ್ವಾ, ಇಬ್ಬರನ್ನೂ ಸೇರಿಸಿ ‘ಸುಲಿಸ್ ಮಿನರ್ವಾ’ ಅಂತ ಪೂಜೆ ಮಾಡಿದರು. ನೀರಿನ ಬಿಸಿ 46 ಡಿಗ್ರಿ. ದಿನಕ್ಕೆ 11 ಲಕ್ಷ ಲೀಟರಿಗೂ ಹೆಚ್ಚು ನೀರು ಇವತ್ತಿಗೂ ಉಕ್ಕುತ್ತೆ. ಎಂದೋ ಬಿದ್ದ ಮಳೆ ಭೂಮಿಯ ಆಳಕ್ಕೆ ಇಳಿದು, ಕಾದು, ಮತ್ತೆ ಮೇಲಕ್ಕೆ ಬರೋದಂತೆ.

ಅಲ್ಲೇ ಪಕ್ಕದಲ್ಲಿ ದೊಡ್ಡ ಚರ್ಚು, ಬಾತ್ ಅಬ್ಬೆ. ಅದರ ಮುಂಭಾಗದಲ್ಲಿ ಕಲ್ಲಿನ ಏಣಿ, ಏಣಿಯ ಮೇಲೆ ಹತ್ತುವ ಇಳಿಯುವ ದೇವದೂತರು. ನಮ್ಮ ಹುಡುಗ ತಲೆ ಎತ್ತಿ ನೋಡಿದವನು ಕತ್ತು ಇಳಿಸಲೇ ಇಲ್ಲ.

ಮೇಲಕ್ಕೆ ನಡೆದರೆ ‘ಸರ್ಕಸ್’. ಸಿಂಹ, ಆನೆ ಹುಡುಕಬೇಡಿ! ಗುಂಡಗೆ ಬಳೆಯ ಹಾಗೆ ಕಟ್ಟಿದ 33 ಮನೆಗಳ ಬೀದಿ ಅದು. ನಕ್ಷೆ ಹಾಕಿದ ಜಾನ್ ವುಡ್, ಕೆಲಸ ಶುರುವಾದ 1754ರಲ್ಲೇ ತೀರಿಕೊಂಡ. ಅದೇ ಹೆಸರಿನ ಮಗ ಅದನ್ನು ಮುಗಿಸಿದ. ಆ ಮಗನೇ 1767ರಿಂದ 1774ರವರೆಗೆ ಕಟ್ಟಿದ್ದು ರಾಯಲ್ ಕ್ರೆಸೆಂಟ್. ಅರ್ಧಚಂದ್ರದ ಹಾಗೆ ಬಾಗಿದ ಸಾಲು, 30 ಮನೆ, 114 ಕಂಬ. ನೋಡಿದ್ರೆ ಒಬ್ಬನೇ ಮಹಾರಾಜನ ಅರಮನೆ!

ಅಜ್ಜಿ ಗುಟ್ಟು ಬಿಟ್ಟರು. ಅರಮನೆಯೂ ಅಲ್ಲ, ಏನೂ ಅಲ್ಲ. ಮುಂದಿನ ಗೋಡೆ ಮಾತ್ರ ಒಂದೇ ಥರ. ಜಾಗ ಕೊಂಡವನು ಆ ಗೋಡೆಯ ಹಿಂದೆ ತನಗೆ ಬೇಕಾದ ಹಾಗೆ ಮನೆ ಕಟ್ಟಿಸಿಕೊಂಡ. ಹಿಂದಿನಿಂದ ನೋಡಿದರೆ ಒಂದು ಉದ್ದ, ಒಂದು ಗಿಡ್ಡ, ಒಂದು ಡೊಂಕು! ‘ಅಯ್ಯೋ, ಇದು ನಮ್ಮ ಸೆಟ್ಟು ಕಣಣ್ಣ’ ಅಂತ ಹುಡುಗ ಚಪ್ಪಾಳೆ ತಟ್ಟಿಬಿಟ್ಟ. ನಿಜ ಅಲ್ವಾ? ಮುಂದೆ ಅರಮನೆ, ಹಿಂದೆ ಪ್ಲೈವುಡ್ಡು, ಮೊಳೆ!

ಸಿನಿಮಾದವರು ಸುಮ್ಮನೆ ಬಿಡ್ತಾರಾ? ‘ಬ್ರಿಡ್ಜರ್ಟನ್’ ಸರಣಿಯಲ್ಲಿ ಫೆದರಿಂಗ್ಟನ್ ಕುಟುಂಬದ ಮನೆಯ ಹೊರಗೆ ಅಂತ ತೋರಿಸೋದು ಈ ಸಾಲಿನ ಒಂದನೇ ನಂಬರ್ ಮನೆಯನ್ನೇ. ನಮ್ಮ ಮೀರಾ ನಾಯರ್ 2004ರ ‘ವ್ಯಾನಿಟಿ ಫೇರ್’ ಚಿತ್ರಕ್ಕೆ ಇದೇ ಊರಿನ ಗ್ರೇಟ್ ಪಲ್ಟೆನಿ ಬೀದಿಯಲ್ಲಿ ಕ್ಯಾಮೆರಾ ಇಟ್ಟಿದ್ದರು. 2012ರ ‘ಲೆ ಮಿಸೆರಾಬ್ಲ್’ನಲ್ಲಿ ರಸೆಲ್ ಕ್ರೋ ಪಾತ್ರ ನದಿಗೆ ಹಾರಿ ಸಾಯುತ್ತಲ್ಲ, ಅದು ಪ್ಯಾರಿಸ್ ಅಲ್ಲ ಮಾರಾಯ್ರೇ, ಇಲ್ಲಿಯ ಪಲ್ಟೆನಿ ಸೇತುವೆಯ ಕೆಳಗಿನ ನೀರು!

ನಾನು ಕಾಯುತ್ತಿದ್ದದ್ದು ಅಜ್ಜಿ ಯಾವಾಗ ಬುರುಡೆ ಬಿಡ್ತಾರೆ ಅಂತ. ಬಿಡಲೇ ಇಲ್ಲ! ಬದಲಿಗೆ ಊರಿನ ಹುಳುಕನ್ನೂ ಹೇಳಿದರು. ಹಿಂದೆ ಇಲ್ಲಿ ಕುಣಿದು ಮೆರೆದ ಶ್ರೀಮಂತರಲ್ಲಿ ಕೆಲವರ ದುಡ್ಡು ಗುಲಾಮರ ಬೆನ್ನ ಮೇಲಿಂದ ಬಂದದ್ದು. ಊರ ಹೊರಗೆ ಗೋಪುರ ಕಟ್ಟಿಸಿದ ವಿಲಿಯಂ ಬೆಕ್‌ಫರ್ಡ್‌ನ ಆಸ್ತಿ ಜಮೈಕಾದ ಕಬ್ಬಿನ ತೋಟದ್ದು. 1942ರ ಏಪ್ರಿಲಿನಲ್ಲಿ ಜರ್ಮನ್ ಬಾಂಬಿಗೆ 400ಕ್ಕೂ ಹೆಚ್ಚು ಜನ ಸತ್ತರು, ನೃತ್ಯಶಾಲೆ ಸುಟ್ಟುಹೋಯಿತು, ಅದನ್ನು ಮತ್ತೆ ಕಟ್ಟಿದರು. 1978ರಲ್ಲಿ ಈ ಬುಗ್ಗೆ ನೀರಿನಲ್ಲಿ ಈಜಿದ ಹುಡುಗಿಯೊಬ್ಬಳು ಮಿದುಳಿಗೆ ಸೋಂಕು ತಗುಲಿ ತೀರಿಕೊಂಡಳು, ಸ್ನಾನ ನಿಂತೇಹೋಯಿತು. 2006ರಲ್ಲಿ ಹೊಸ ಸ್ನಾನಗೃಹ ತೆರೆಯುವತನಕ ಬಿಸಿನೀರಿನ ಊರಲ್ಲಿ ಬಿಸಿನೀರಿನ ಸ್ನಾನವೇ ಇರಲಿಲ್ಲ! ಇದನ್ನೆಲ್ಲ ಮುಚ್ಚಿಟ್ಟಿದ್ದರೆ ಯಾರು ಕೇಳುತ್ತಿದ್ದರು?

ಕೊನೆಗೆ ನಾನು ಜೇಬಿಗೆ ಕೈ ಹಾಕಿ ಐದು ಪೌಂಡಿನ ನೋಟು ಚಾಚಿದೆ. ಅಜ್ಜಿ ನಕ್ಕು ನನ್ನ ಮುಷ್ಟಿಯನ್ನು ಮುಚ್ಚಿಸಿದರು. ‘ನಾವು ತೆಗೆದುಕೊಳ್ಳೋದಿಲ್ಲ ಮಗೂ, ನಿಮ್ಮೂರಲ್ಲಿ ಯಾರಿಗಾದರೂ ದಾರಿ ತೋರಿಸು’ ಅಂದರು.

ಈಗ ನನ್ನ ಕಥೆ. ಹಂಪೆಯ ರಾಣಿ ಸ್ನಾನಗೃಹದ ಮುಂದೆ ನಿಂತು ನಾನೊಂದು ಕಥೆ ಕಟ್ಟಿದ್ದೆ. ರಾಣಿಯ ಕಾಲ್ಗೆಜ್ಜೆ ಈ ಕೊಳದಲ್ಲಿ ಬಿದ್ದುಹೋಯಿತು, ಹುಣ್ಣಿಮೆ ರಾತ್ರಿ ಇವತ್ತಿಗೂ ಗೆಜ್ಜೆ ಸದ್ದು ಕೇಳುತ್ತೆ ಅಂತ! ಅಪ್ಪಟ ಸುಳ್ಳು. ಅದು ಹೇಳಿದ ದಿನ ಐವತ್ತು ರೂಪಾಯಿ ಜಾಸ್ತಿ ಸಿಗ್ತಿತ್ತು. ಮನೆಯಲ್ಲಿ ಅಪ್ಪನಿಗೆ ಕೆಲಸವಿರಲಿಲ್ಲ, ಆ ಐವತ್ತು ದೊಡ್ಡದೇ. ಆಮೇಲೆ ಬೆಂಗಳೂರಿಗೆ ಬಂದೆ, ಮರೆತೆ. ಹೋದ ವರ್ಷ ಊರಿಗೆ ಹೋದಾಗ ಹಾಗೇ ಹಂಪೆಯಲ್ಲಿ ಅಡ್ಡಾಡುತ್ತಿದ್ದೆ. ಹದಿನಾರು ವರ್ಷದ ಹುಡುಗನೊಬ್ಬ ಒಂದು ಸಂಸಾರಕ್ಕೆ ಅದೇ ಗೆಜ್ಜೆ ಕಥೆ ಹೇಳುತ್ತಿದ್ದಾನೆ! ಅವರ ಪುಟ್ಟ ಮಗಳು ಕೊಳಕ್ಕೆ ಕಿವಿಗೊಟ್ಟು ನಿಂತಿದ್ದಾಳೆ. ‘ಲೇ, ಅದು ಸುಳ್ಳು ಕಣೋ’ ಅನ್ನಲು ಬಾಯಿ ಬರಲಿಲ್ಲ. ಕಳ್ಳನ ಹಾಗೆ ಬಂದುಬಿಟ್ಟೆ.

ಸಿನಿಮಾ ಪುಟ ಬರೆಯೋನೂ ಒಬ್ಬ ಗೈಡೇ ಅಲ್ವಾ? ನಿಮಗೆ ಮುಂದಿನ ಗೋಡೆ ತೋರಿಸೋದು ಸುಲಭ. ‘ಅವರಿಗೂ ಇವಳಿಗೂ ಏನೋ ಇದೆಯಂತೆ’ ಅಂತ ಒಂದು ಸಾಲು ಬಿಟ್ಟರೆ ಪತ್ರಿಕೆ ಖರ್ಚಾಗುತ್ತೆ. ಆ ಸಾಲು ನನ್ನನ್ನು ಬಿಟ್ಟು ತಾನೇ ಊರೂರು ತಿರುಗುತ್ತೆ. ಇನ್ನು ಮೇಲೆ ಈ ಪುಟದಲ್ಲಿ ಕೇಳಿದ್ದನ್ನು ಕೇಳಿದ್ದು ಅಂತ, ಕಂಡದ್ದನ್ನು ಕಂಡದ್ದು ಅಂತಲೇ ಬರೀತೀನಿ. ತಪ್ಪಿದರೆ ಕಾಗದ ಹಾಕಿ, ಬೈಯಿರಿ.

ನೀವು ಇದನ್ನು ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಓದುತ್ತಿದ್ದರೆ ಒಂದು ಮಾತು. ನಿಮ್ಮ ಕಾಲ ಕೆಳಗಿರೋದು ಒಂದು ಕಾಲದ ಧರ್ಮಾಂಬುಧಿ ಕೆರೆ. ಈ ಜಾಗಕ್ಕೆ ಹೆಸರು ಕೊಟ್ಟ ಮೆಜೆಸ್ಟಿಕ್ ಟಾಕೀಸು ಈಗಿಲ್ಲ. ಸಾಗರ್ ಇಲ್ಲ, ಕಪಾಲಿ ಇಲ್ಲ. ಊರಿಂದ ಬಂದ ತಮ್ಮನನ್ನೋ ಭಾವನನ್ನೋ ಒಂದು ಸುತ್ತು ನಡೆಸಿ, ಅವೆಲ್ಲ ಎಲ್ಲಿದ್ದವು ಅಂತ ತೋರಿಸಿ. ಕಾಸು ಬೇಡ, ಸುಳ್ಳೂ ಬೇಡ.

ನಾನು ಶನಿವಾರ ರಾತ್ರಿ ಹೊಸಪೇಟೆ ಬಸ್ಸಿಗೆ ಟಿಕೆಟ್ ಮಾಡಿಸಿದ್ದೀನಿ. ಆ ಹುಡುಗನನ್ನು ಹುಡುಕಿ, ಗೆಜ್ಜೆ ಕಥೆ ನಾನೇ ಕಟ್ಟಿದ್ದು ಅಂತ ಹೇಳಬೇಕು. ಅವನಿಗೂ ಹೊಟ್ಟೆಪಾಡಿದೆ, ಸುಮ್ಮನೆ ಒಪ್ಪಲಿಕ್ಕಿಲ್ಲ. ‘ಕಥೆ ಹೇಳು, ಬೇಡ ಅನ್ನಲ್ಲ. ಆದರೆ ಬೆರಳೆತ್ತಿ, ಇದು ಕಥೆ ಅಂತಲೂ ಹೇಳು’ ಅಂತೀನಿ. ಏನಂದ ಅನ್ನೋದನ್ನು ಬಂದು ಹೇಳ್ತೀನಿ. ಬರ್ಲಾ?